ಗುಳಿಗೆಯ ಜೊತೆಗೆ ಗುಟ್ಟು ಬೇಡ

ಸ್ತನ ಕ್ಯಾನ್ಸರ್ ಎಂದರೆ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ರಕ್ತನಾಳದ ಮೂಲಕ ಏರಿಸುವ ಔಷಧ ಎಂದಷ್ಟೇ ತಿಳಿದಿದ್ದ ಕಾಲ ಹಿಂದೆ ಸರಿದಿದೆ. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ತಾಯಂದಿರು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ತಜ್ಞರನ್ನು ಕಂಡು, ಒಂದು ತಿಂಗಳಿಗಾಗುವಷ್ಟು ಗುಳಿಗೆಗಳನ್ನು ಕೈಚೀಲದಲ್ಲಿಟ್ಟುಕೊಂಡು ಅದೇ ಸಂಜೆ ಮನೆಗೆ ಮರಳುತ್ತಾರೆ. ಆಸ್ಪತ್ರೆಯಲ್ಲಿ ದಾದಿಯರು ಗಡಿಯಾರ ನೋಡಿ ಮಾಡುತ್ತಿದ್ದ ಕೆಲಸ ಈಗ ಅಡುಗೆಮನೆಯ ಕಪಾಟಿಗೆ ಬಂದಿದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಅದರೊಡನೆ ಬಂದಿರುವ ಹೊಣೆ ಏನೆಂಬುದನ್ನು ರೋಗಿಯ ಮನೆಯವರೂ, ಅವರು ನಂಬುವ ಆಯುರ್ವೇದ ವೈದ್ಯರೂ ಸ್ಪಷ್ಟವಾಗಿ ಅರಿಯಬೇಕಾಗಿದೆ.

ಈ ಗುಳಿಗೆಗಳನ್ನು ಗುರಿನಿರ್ದೇಶಿತ ಔಷಧಗಳೆಂದು ಕರೆಯುತ್ತಾರೆ. ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಎಂಬ ಮೂರು, ಕೋಶವನ್ನು ವಿಭಜನೆಗೆ ತಳ್ಳುವ ಎರಡು ಕಿಣ್ವಗಳನ್ನು ತಡೆಯುತ್ತವೆ. ಹಾರ್ಮೋನಿನ ಪ್ರಭಾವದಿಂದ ಬೆಳೆಯುವ ಬಗೆಯ ಗಡ್ಡೆಗಳಿಗೆ ಇವನ್ನು ಲೆಟ್ರೊಜೋಲ್‌ನಂತಹ ಹಾರ್ಮೋನು ಚಿಕಿತ್ಸೆಯೊಡನೆ ಕೊಡುತ್ತಾರೆ. ಹರ್-2 ಎಂಬ ಪ್ರೋಟೀನು ಹೆಚ್ಚಿರುವ ಬಗೆಗೆ ಲಪಾಟಿನಿಬ್‌ನಂತಹವುಗಳಿವೆ. ಪಾಲ್ಬೊಸಿಕ್ಲಿಬ್‌ಗೆ ಅಮೆರಿಕದಲ್ಲಿ ಮೊದಲ ಅನುಮತಿ ದೊರೆತದ್ದು 2015ರಲ್ಲಿ. ಭಾರತದಲ್ಲಿ ಅದರ ಪೇಟೆಂಟ್ 2023ರಲ್ಲಿ ಮುಗಿದು, ನಮ್ಮ ದೇಶದ ಕಂಪನಿಗಳೂ ತಯಾರಿಸತೊಡಗಿದ ಮೇಲೆ ಬೆಲೆ ಬಹಳ ಇಳಿಯಿತು. ಆದ್ದರಿಂದಲೇ ಈ ಮಾತು ಈಗ ಹೆಚ್ಚು ಮನೆಗಳಿಗೆ ಅನ್ವಯಿಸುತ್ತದೆ.

ಮೊದಲನೆಯದು ಕಾಲನಿಯಮ. ಪಾಲ್ಬೊಸಿಕ್ಲಿಬ್ ಮತ್ತು ರೈಬೊಸಿಕ್ಲಿಬ್‌ಗಳನ್ನು ದಿನಕ್ಕೊಮ್ಮೆಯಂತೆ 21 ದಿನ ಸೇವಿಸಿ 7 ದಿನ ಬಿಡುವುದು ರೂಢಿ. ಅಬೆಮಾಸಿಕ್ಲಿಬ್‌ಗೆ ಬಿಡುವಿಲ್ಲ, ದಿನಕ್ಕೆ ಎರಡು ಸಲ. ಆ 7 ದಿನಗಳ ಬಿಡುವು ಮರೆವಲ್ಲ, ರಕ್ತದ ಬಿಳಿಕಣಗಳು ಚೇತರಿಸಿಕೊಳ್ಳಲು ಕೊಟ್ಟ ಅವಕಾಶ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಒಂದು ಹೊತ್ತು ತಪ್ಪಿದರೆ, ಅಥವಾ ನುಂಗಿದ ಮೇಲೆ ವಾಂತಿಯಾದರೆ, ಎರಡರಷ್ಟು ಸೇವಿಸಿ ಸರಿದೂಗಿಸಬಾರದು. ಮುಂದಿನ ಹೊತ್ತಿಗೆ ಎಂದಿನಷ್ಟೇ ಸಾಕು. ಪಾಲ್ಬೊಸಿಕ್ಲಿಬ್ ಕ್ಯಾಪ್ಸೂಲ್ ಆಗಿದ್ದರೆ ಆಹಾರದೊಡನೆಯೇ ನುಂಗಬೇಕು. ಮಾತ್ರೆಯ ರೂಪದ್ದಕ್ಕೆ ಆ ಕಟ್ಟಳೆಯಿಲ್ಲ. ಲಪಾಟಿನಿಬ್ ಊಟಕ್ಕೆ ಕನಿಷ್ಠ 1 ಗಂಟೆ ಮುಂಚೆ ಅಥವಾ ಊಟವಾದ 1 ಗಂಟೆಯ ಬಳಿಕ. ಲಿಂಗಪೂಜೆಗೆ ಮುನ್ನ ಏನನ್ನೂ ಸೇವಿಸದ ನೇಮವುಳ್ಳವರು ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸುವಾಗ ಕ್ಯಾಪ್ಸೂಲನ್ನು ತೆಗೆದುಕೊಳ್ಳಲಿ, ಪ್ರತಿದಿನ ಅದೇ ವೇಳೆಗೆ. ಸೋಮವಾರ ಮತ್ತು ಶಿವರಾತ್ರಿಯ ಉಪವಾಸಗಳಲ್ಲಿಯೂ ಔಷಧಕ್ಕೆ ಬೇಕಾದಷ್ಟು ಆಹಾರ ಸೇವಿಸುವುದರಿಂದ ವ್ರತಕ್ಕೆ ಭಂಗವಿಲ್ಲವೆಂದೇ ನಾವು ಭಾವಿಸುತ್ತೇವೆ.

ಎರಡನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ್ದು. ಈ ಲೇಖನದ ಮುಖ್ಯ ಮಾತೂ ಅದೇ. ಗುಳಿಗೆ ಆರಂಭಿಸಿದ ಮಹಿಳೆಗೆ ಬಂಧುಗಳು ಪ್ರೀತಿಯಿಂದ ತಂದುಕೊಡುವುದು ಏನನ್ನು? ತ್ರಿಕಟು ಚೂರ್ಣ, ಅರಿಶಿನದ ಸತ್ವದ ಕ್ಯಾಪ್ಸೂಲ್, ಅಮೃತಬಳ್ಳಿಯ ಕಷಾಯ, ಘಟ್ಟದ ಮೇಲಿನಿಂದ ತರಿಸಿದ ಯಾವುದೋ ಮರದ ತೊಗಟೆ. ‘ಗಿಡಮೂಲಿಕೆ ತಾನೆ, ಏನೂ ಆಗದು’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಆಯುರ್ವೇದವನ್ನು ಓದಿದವರು ಈ ಮಾತನ್ನು ಒಪ್ಪಲಾಗದು. ಹಿಪ್ಪಲಿಯನ್ನು ನಮ್ಮ ಶಾಸ್ತ್ರ ಯೋಗವಾಹಿ ಎಂದು ಗುರುತಿಸಿದೆ; ತನ್ನೊಡನೆ ಸೇರಿದ ದ್ರವ್ಯದ ಶಕ್ತಿಯನ್ನು ಒಳಗೆ ಒಯ್ಯುವಂತಹದು ಎಂದರ್ಥ. ಜಮ್ಮುವಿನ ಪ್ರಯೋಗಾಲಯದ ವಿಜ್ಞಾನಿಗಳು 1979ರಲ್ಲಿ ಇದೇ ಗುಣವನ್ನು ಆಧುನಿಕ ಭಾಷೆಯಲ್ಲಿ ಹೇಳಿದರು: ಹಿಪ್ಪಲಿ ಹಾಗೂ ಕಾಳುಮೆಣಸಿನ ಪೈಪರಿನ್ ಬೇರೆ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸಬಲ್ಲದು. ಕರುಳು ಮತ್ತು ಯಕೃತ್ತಿನಲ್ಲಿ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವವೊಂದನ್ನು ಪೈಪರಿನ್ ತಡೆಯುತ್ತದೆಂದು ಮುಂದೆ ತಿಳಿದುಬಂತು. ಮೇಲೆ ಹೇಳಿದ ಕ್ಯಾನ್ಸರ್ ಗುಳಿಗೆಗಳು ಕರಗುವುದೂ ಬಹುಪಾಲು ಅದೇ ಕಿಣ್ವದಿಂದ. ಅಂದಮೇಲೆ ವೈದ್ಯರು ಅಳೆದು ಕೊಟ್ಟ ಪ್ರಮಾಣ ಮನೆಯ ಚೂರ್ಣದಿಂದ ಏರುಪೇರಾದರೆ ಅದು ಔಷಧದ ದೋಷವೂ ಅಲ್ಲ, ವಿಧಿಯೂ ಅಲ್ಲ. ಪರಿಣಾಮ ಎದುರು ದಿಕ್ಕಿನಲ್ಲೂ ಆಗಬಹುದು: 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ ಅರಿಶಿನದ ಸತ್ವವನ್ನು ಪೈಪರಿನ್ ಜೊತೆಗೆ ಸೇವಿಸಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಟಮಾಕ್ಸಿಫೆನ್ ಮಾತ್ರೆಯ ಸಕ್ರಿಯ ಅಂಶ ರಕ್ತದಲ್ಲಿ ಕಡಿಮೆಯಾಗಿತ್ತು.

ಸಾರಿಗೆ ಹಾಕುವ ಚಿಟಿಕೆ ಅರಿಶಿನ, ತಂಬುಳಿಯ ನಾಲ್ಕು ಕಾಳುಮೆಣಸು, ಸಂಜೆಯ ಕೊತ್ತಂಬರಿ-ಜೀರಿಗೆ ಕಷಾಯ ಇವು ಆಹಾರ, ಇವುಗಳಿಗಾಗಿ ಹೆದರಬೇಕಿಲ್ಲ. ಚಮಚೆಗಟ್ಟಲೆ ಚೂರ್ಣ, ಸಾಂದ್ರವಾದ ಸತ್ವ, ಗಟ್ಟಿ ಕಷಾಯ ಇವು ಔಷಧ. ಔಷಧಕ್ಕೆ ಔಷಧದ ಮರ್ಯಾದೆಯೇ ಸಲ್ಲಬೇಕು.

ಅಮೃತಬಳ್ಳಿಯ ವಿಷಯವನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ ಅದರ ಕಷಾಯ ಮನೆಮನೆಗೂ ಬಂತು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು, ಅದನ್ನು ಸೇವಿಸಿದ್ದ ಕೆಲವರ ಯಕೃತ್ತಿಗೆ ಪೆಟ್ಟಾಗಿದ್ದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅದೇ ಕುಲದ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದಿತು. ವಾದ ಯಾರದೇ ಗೆಲ್ಲಲಿ, ರೈಬೊಸಿಕ್ಲಿಬ್, ಲಪಾಟಿನಿಬ್‌ಗಳನ್ನು ಸೇವಿಸುವಾಗ ಯಕೃತ್ತಿನ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ವರದಿ ಕೆಟ್ಟು ಬಂದಾಗ ಕಾರಣ ಗುಳಿಗೆಯೋ ಬಳ್ಳಿಯೋ ತಿಳಿಯದೆ, ಉಪಯುಕ್ತವಾದ ಗುಳಿಗೆಯನ್ನೇ ನಿಲ್ಲಿಸಬೇಕಾದೀತು. ಆ ನಷ್ಟ ಯಾರಿಗೆ?

ಮೂರನೆಯದು ಹಣ್ಣು ಮತ್ತು ಅಂಗಡಿಯ ಮಾತ್ರೆ. ಗ್ರೇಪ್‌ಫ್ರೂಟ್ ಎಂಬ ವಿದೇಶಿ ಹಣ್ಣನ್ನು ಈ ಗುಳಿಗೆಗಳೊಡನೆ ತಿನ್ನಬಾರದೆಂದು ಚೀಟಿಯಲ್ಲಿ ಬರೆದಿರುತ್ತದೆ. ಅದು ನಮ್ಮಲ್ಲಿ ಅಪರೂಪವೆಂದು ಸುಮ್ಮನಾಗಬೇಡಿ. ನಮ್ಮ ಹಿತ್ತಿಲಿನ ಚಕ್ಕೋತ ಅದರ ಹತ್ತಿರದ ಬಂಧು, ಅದನ್ನೂ ಬಿಡಿ. ಕರಾವಳಿಯ ಬೆವರಿನಲ್ಲಿ ಗಜಕರ್ಣ ಸಾಮಾನ್ಯ. ಅದಕ್ಕೆಂದು ಅಂಗಡಿಯಿಂದ ಕೇಳಿ ತರುವ ಇಟ್ರಕೊನಜೋಲ್, ಕೆಮ್ಮಿಗೆಂದು ಕೊಡುವ ಕ್ಲಾರಿಥ್ರೊಮೈಸಿನ್ ಆ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಫೆನಿಟಾಯಿನ್ ಇದಕ್ಕೆ ವಿರುದ್ಧವಾಗಿ ಗುಳಿಗೆಯ ಬಲವನ್ನೇ ಕುಗ್ಗಿಸುತ್ತವೆ. ಆದ್ದರಿಂದ ಊರಿನ ವೈದ್ಯರಿಗೂ ಔಷಧದಂಗಡಿಯವರಿಗೂ ಗುಳಿಗೆಯ ಹೆಸರನ್ನು ಮೊದಲು ತೋರಿಸಿರಿ.

ನಾಲ್ಕನೆಯದು ಜ್ವರ. ಪಾಲ್ಬೊಸಿಕ್ಲಿಬ್ ಬಿಳಿರಕ್ತಕಣಗಳನ್ನು ಇಳಿಸುತ್ತದೆ. ಹಾಗಾಗಿ ಪ್ರತಿ ಸುತ್ತಿನ ಆರಂಭಕ್ಕೆ ಮುನ್ನ, ಮೊದಲ ಎರಡು ಸುತ್ತುಗಳಲ್ಲಿ 15ನೆಯ ದಿನವೂ ರಕ್ತಪರೀಕ್ಷೆ ಆಗಬೇಕು. ರೈಬೊಸಿಕ್ಲಿಬ್‌ಗೆ ಇದರೊಡನೆ ಹೃದಯದ ಇಸಿಜಿಯೂ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ ಬಂದರೆ ಕಷಾಯ ಕುಡಿದು ಎರಡು ದಿನ ಕಾಯುವ ರೂಢಿಯಿದೆ. ಈ ಗುಳಿಗೆ ಸೇವಿಸುವವರಿಗೆ ಆ ರೂಢಿ ಸಲ್ಲದು. ಇಲಿಜ್ವರ, ಡೆಂಗೆಗಳು ಸುಳಿಯುವ ಜಿಲ್ಲೆ ನಮ್ಮದು. ಉಷ್ಣತೆ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಕ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಫೋನು ಮಾಡಿರಿ. ಬೈಂದೂರಿನಿಂದ ಮಣಿಪಾಲ ದೂರ. ಹತ್ತಿರದ ಕುಂದಾಪುರದ ಸರ್ಕಾರಿ ಆಸ್ಪತ್ರೆಗಾದರೂ ಮೊದಲು ತಲುಪಿ, ಗುಳಿಗೆಯ ಪೊಟ್ಟಣ ತೋರಿಸಿರಿ. ಗದ್ದೆಯ ನೀರಿಗೆ ಬರಿಗಾಲಲ್ಲಿ ಇಳಿಯುವುದನ್ನು ಚಿಕಿತ್ಸೆಯ ಕಾಲದಲ್ಲಿ ಬಿಡಿರಿ.

ಅಬೆಮಾಸಿಕ್ಲಿಬ್, ಲಪಾಟಿನಿಬ್‌ಗಳಿಂದ ಭೇದಿ ಬರಬಹುದು. ಮೊದಲ ಸಡಿಲ ಮಲದಲ್ಲಿಯೇ ತಜ್ಞರು ಹೇಳಿಕೊಟ್ಟ ಮಾತ್ರೆ ಸೇವಿಸಿ, ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿತಿಳಿಯಂತಹ ದ್ರವವನ್ನು ಧಾರಾಳವಾಗಿ ಕುಡಿಯಿರಿ. ನಿಲ್ಲದಿದ್ದರೆ ಅಂದೇ ತಿಳಿಸಿರಿ. ಕ್ಯಾಪ್ಸೂಲನ್ನು ಬಿಡಿಸಿ, ಮಾತ್ರೆಯನ್ನು ಪುಡಿಮಾಡಿ ಜೇನಿನಲ್ಲಿ ಕಲಸಬೇಡಿ. ಗರ್ಭಿಣಿಯರು ಅದನ್ನು ಮುಟ್ಟದಿರಲಿ.

ಇಷ್ಟೆಲ್ಲಕ್ಕೂ ಮೂಲವಾದ ತೊಂದರೆ ಒಂದೇ: ಗುಟ್ಟು. ‘ನಾಟಿ ಔಷಧದ ಸುದ್ದಿ ಹೇಳಿದರೆ ದೊಡ್ಡ ಡಾಕ್ಟರು ಬಯ್ಯುತ್ತಾರೆ’ ಎಂದು ಅಲ್ಲಿ ಮುಚ್ಚಿಡುತ್ತಾರೆ. ಗುಳಿಗೆಯ ಸುದ್ದಿಯನ್ನು ಇಲ್ಲಿ ನಮ್ಮಿಂದ ಮುಚ್ಚಿಡುತ್ತಾರೆ. ಬಯ್ಯುವ ತಜ್ಞರಿಗೆ ನಮ್ಮ ವಿನಂತಿ, ರೋಗಿಯ ಬಾಯಿ ಮುಚ್ಚಿಸಿದರೆ ಚಿಕಿತ್ಸೆಯ ಅರ್ಧ ಮಾಹಿತಿ ಕತ್ತಲಲ್ಲಿ ಉಳಿಯುತ್ತದೆ. ಆಯುರ್ವೇದ ಬಂಧುಗಳಿಗೂ ವಿನಂತಿ: ನಾವು ಕೊಡುವ ಪ್ರತಿಯೊಂದನ್ನೂ ಹೆಸರು, ದ್ರವ್ಯ, ಪ್ರಮಾಣ ಸಹಿತ ಕಾಗದದ ಮೇಲೆ ಬರೆದುಕೊಡೋಣ, ಕ್ಯಾನ್ಸರ್ ತಜ್ಞರು ಒಪ್ಪುವ ತನಕ ಒಳಸೇವನೆಯ ಔಷಧವನ್ನು ಕೊಡದಿರೋಣ. ಒಳಗೇನಿದೆಯೆಂದು ಹೇಳದ ಪೊಟ್ಟಣವನ್ನು ಯಾರೇ ಕೊಟ್ಟರೂ ಭಕ್ತರು ಸ್ವೀಕರಿಸಬಾರದು. ಕ್ಯಾನ್ಸರ್ ಗುಣಪಡಿಸುವೆವೆಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ ಎಂಬುದೂ ನೆನಪಿರಲಿ.

ಹಾಗಾದರೆ ಆಯುರ್ವೇದಕ್ಕೆ ಕೆಲಸವೇ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ಹಸಿವಿಗೆ ತಕ್ಕ ಆಹಾರ, ಸಕಾಲದ ನಿದ್ರೆ, ಮಲಮೂತ್ರಗಳ ಕ್ರಮ, ಮನಸ್ಸಿನ ಸ್ಥೈರ್ಯ ಇವೆಲ್ಲ ಪಥ್ಯದ ವಿಷಯ, ಪಥ್ಯ ನಮ್ಮ ಕ್ಷೇತ್ರ. ಯಾವಾಗ ಔಷಧ ಕೊಡಬಾರದು ಎಂದು ತಿಳಿಯುವುದೂ ವೈದ್ಯಕೀಯವೇ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನು. ರೋಗ ಅರಿಯುವ ಕಾಯಕಕ್ಕೂ ಅಲ್ಲಿ ಸ್ಥಾನವಿತ್ತು. ಕಾಯಕದಲ್ಲಿ ಪ್ರಾಮಾಣಿಕತೆ ಮೊದಲು.

ಮುಂದಿನ ಸಲ ಮಣಿಪಾಲದ ಬಸ್ಸು ಹತ್ತುವಾಗ ಕಪಾಟಿನಲ್ಲಿರುವ ಎಲ್ಲವನ್ನೂ, ಚೂರ್ಣದ ಡಬ್ಬಿ, ತೊಗಟೆಯ ಗಂಟು, ನೋವಿನ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ತಜ್ಞರ ಮೇಜಿನ ಮೇಲೆ ಸುರಿಯಿರಿ. ನಮ್ಮ ಬಳಿಗೆ ಬರುವಾಗಲೂ ಅದೇ ಚೀಲವನ್ನು ತನ್ನಿರಿ.