ಬೀರುವಿನಲ್ಲಿ ಉಳಿದ ನಿಕಲ್

ಹಳೆಯದಾದಷ್ಟೂ ನಾಣ್ಯದ ಬೆಲೆ ಏರುವುದೆಂದು ನಂಬಿದವರು ಅಮೆರಿಕದ ನಿಕಲ್ ನಾಣ್ಯಗಳ ವೃತ್ತಾಂತವನ್ನು ಕೇಳಬೇಕು. ಐದು ಸೆಂಟುಗಳ ಈ ನಾಣ್ಯ ಬಳಕೆಗೆ ಬಂದುದು 1866ರಲ್ಲಿ. ಹೆಸರು ನಿಕಲ್ ಆದರೂ ಅದರಲ್ಲಿ ಮುಕ್ಕಾಲು ಪಾಲು ತಾಮ್ರವೇ!

1883ರಲ್ಲಿ ಅದಕ್ಕೆ ಹೊಸ ರೂಪ ಬಂತು. ಮುಂಭಾಗದಲ್ಲಿ ಸ್ವಾತಂತ್ರ್ಯದೇವಿಯ ಶಿರಸ್ಸು. ಹಿಂಭಾಗದಲ್ಲಿ ಐದನ್ನು ಸೂಚಿಸುವ ರೋಮನ್ ಅಂಕೆ. ಆದರೆ ‘ಸೆಂಟ್’ ಎಂಬ ಪದವೇ ಇರಲಿಲ್ಲ. ಧೂರ್ತರು ಅದಕ್ಕೆ ಚಿನ್ನದ ಮೆರುಗು ಕೊಟ್ಟು ಐದು ಡಾಲರಿನ ಹೊನ್ನಿನ ನಾಣ್ಯವೆಂದು ಚಲಾಯಿಸಿದರು. ಟಂಕಸಾಲೆ ಎಚ್ಚೆತ್ತು, ಅದೇ ವರ್ಷ ಆ ಪದವನ್ನು ಸೇರಿಸಿತು. ಪದವಿಲ್ಲದ ನಾಣ್ಯಗಳು ಇನ್ನು ಸಿಗವೆಂದು ಜನ ಅವುಗಳನ್ನು ಬಚ್ಚಿಟ್ಟರು. ಎಲ್ಲರೂ ಜೋಪಾನ ಮಾಡಿದ ವಸ್ತು ದುರ್ಲಭವಾಗುವುದೆಂತು? ಪದವುಳ್ಳವು ಸುಮಾರು ಮೂರು ಪಟ್ಟು ಅಚ್ಚಾಗಿದ್ದರೂ ಇಂದು ಹೆಚ್ಚಿನ ಬೆಲೆ ಅವಕ್ಕೇ.

ಇದಕ್ಕಿಂತ ವಿಚಿತ್ರವಾದುದು 1913ರ ಸಂಗತಿ. ಆ ವರ್ಷ ದೇವಿಯ ಸ್ಥಾನಕ್ಕೆ ರೆಡ್ ಇಂಡಿಯನ್ನನ ಮುಖವೂ ಕಾಡೆಮ್ಮೆಯೂ ಬಂದವು. ಆದರೂ 1913ನೆಯ ಇಸವಿಯನ್ನು ಹೊತ್ತ ದೇವಿಯ ನಾಣ್ಯಗಳು ಐದು ಇವೆ. ಅವುಗಳ ಲೆಕ್ಕ ಯಾವ ಸರ್ಕಾರಿ ಕಡತದಲ್ಲಿಯೂ ಇಲ್ಲ. ಆ ವರ್ಷ ಫಿಲಡೆಲ್ಫಿಯದ ಟಂಕಸಾಲೆಯಲ್ಲಿದ್ದ ಸ್ಯಾಮ್ಯುಯೆಲ್ ಬ್ರೌನ್ ಎಂಬಾತ, ಅಂತಹ ನಾಣ್ಯವನ್ನು 500 ಡಾಲರಿಗೆ ಕೊಳ್ಳುವೆನೆಂದು 1919ರಲ್ಲಿ ಜಾಹೀರಾತು ಕೊಟ್ಟ. ಮರುವರ್ಷ ತಾನೇ ಅದನ್ನು ತಂದು ತೋರಿಸಿದ! ಉಳಿದುದನ್ನು ಓದುಗರೇ ಊಹಿಸಬಹುದು.

ಐದರಲ್ಲೊಂದು ಜಾರ್ಜ್ ವಾಲ್ಟನ್ ಎಂಬ ಸಂಗ್ರಾಹಕನ ಕೈ ಸೇರಿತ್ತು. 1962ರಲ್ಲಿ ನಾಣ್ಯಪ್ರದರ್ಶನಕ್ಕೆಂದು ಹೊರಟ ಆತ ಕಾರು ಅಪಘಾತದಲ್ಲಿ ಮಡಿದ. ಆತನ ಸಂಗ್ರಹವನ್ನು ಪರೀಕ್ಷಿಸಿದ ಹರಾಜಿನವರು, ಈ ನಾಣ್ಯದ ಇಸವಿಯನ್ನು ತಿದ್ದಲಾಗಿದೆಯೆಂದು ಹೇಳಿ ಮರಳಿಸಿದರು. ಹಳೆಯ ನಾಣ್ಯದ ಒಂದು ಅಂಕೆಯನ್ನು ಕೆತ್ತಿ 1913 ಎನಿಸುವ ಮೋಸ ಹೊಸದೇನಲ್ಲ. ಆದ್ದರಿಂದ ಅವರ ಸಂಶಯ ತೀರ ಅಸಹಜವೂ ಅಲ್ಲ. ಆತನ ಸೋದರಿ ಮಾತ್ರ ಅದನ್ನು ಎಸೆಯಲಿಲ್ಲ, ಬೀರುವಿನಲ್ಲಿ ಭದ್ರವಾಗಿಟ್ಟಳು.

2003ರಲ್ಲಿ ಬಾಲ್ಟಿಮೋರಿನ ನಾಣ್ಯ ಸಮ್ಮೇಳನಕ್ಕೆ ಮಿಕ್ಕ ನಾಲ್ಕು ನಾಣ್ಯಗಳೂ ಬಂದಿದ್ದವು. ಕುಟುಂಬದವರು ತಮ್ಮದನ್ನೂ ಒಯ್ದರು. ಆರು ಮಂದಿ ಪರಿಣತರು ಐದನ್ನೂ ಒಂದೆಡೆ ಇಟ್ಟು, ಗೆರೆಗೆ ಗೆರೆ ಹೋಲಿಸಿ, ಅಸಲಿಯೆಂದು ಒಕ್ಕೊರಲಿನಿಂದ ನುಡಿದರು. 2013ರ ಹರಾಜಿನಲ್ಲಿ ಅದಕ್ಕೆ 31 ಲಕ್ಷ ಡಾಲರಿಗೂ ಮೀರಿದ ಬೆಲೆ ಬಂತು. ಅದನ್ನು ಕಾಪಾಡಿದ ಸೋದರಿ 1992ರಲ್ಲಿಯೇ ತೀರಿಕೊಂಡಿದ್ದಳು.