ಕರೆಂಟ್ ಹೋದಾಗ ಉರಿಯಬೇಕಾದ್ದು ದೀಪ, ಹೊಟ್ಟೆಯಲ್ಲ!

ದಾವಣಗೆರೆ ಮಂದಿಗೆ ಕರೆಂಟ್ ಹೋಗುವುದು ಹೊಸ ಸುದ್ದಿಯೇನಲ್ಲ. ಪತ್ರಿಕೆ ಬಿಡಿಸಿದರೆ ಒಂದು ಮೂಲೆಯಲ್ಲಿ ಆಗಾಗ "ನಾಳೆ ವಿದ್ಯುತ್ ವ್ಯತ್ಯಯ" ಎಂಬ ಪ್ರಕಟಣೆ. ಯಾವ ಫೀಡರ್, ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಓದಿ ಜನ ನಿಟ್ಟುಸಿರು ಬಿಡುತ್ತಾರೆ. ಪ್ರಕಟಣೆ ಇಲ್ಲದೆ ಹೋಗುವ ಕರೆಂಟಿಗಂತೂ ಮಳೆ, ಗಾಳಿ, ಸುಟ್ಟ ಟಿ.ಸಿ. ಹೀಗೆ ನೂರು ಕಾರಣ. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ರಾಜ್ಯಕ್ಕೆ ರಾಜ್ಯವೇ ವಿದ್ಯುತ್ ಕೊರತೆಗೆ ಸಿಕ್ಕಿ ಒದ್ದಾಡಿದ್ದನ್ನು ಯಾರೂ ಮರೆತಿಲ್ಲ.

ಹಾಗಾಗಿ ಯುಪಿಎಸ್, ಇನ್‌ವರ್ಟರ್ ಈಗ ಶ್ರೀಮಂತರ ಮನೆಯ ಷೋಕಿಯಾಗಿ ಉಳಿದಿಲ್ಲ. ಕಿರಾಣಿ ಅಂಗಡಿಯವರಿಗೂ ಬೇಕು, ಮನೆಯಲ್ಲಿ ಓದುವ ಮಕ್ಕಳಿರುವವರಿಗೂ ಬೇಕು. ತಪ್ಪೇನೂ ಇಲ್ಲ. ಆದರೆ ಕೊಳ್ಳುವ ರೀತಿ ನೋಡಿದರೆ ಅಯ್ಯೋ ಅನಿಸುತ್ತದೆ. ಒಂದು ಇನ್‌ವರ್ಟರ್ ಜೊತೆಗೆ ಒಂದು ದೊಡ್ಡ ಬ್ಯಾಟರಿ ಎಂದರೆ ಇಪ್ಪತ್ತು ಸಾವಿರದ ಆಸುಪಾಸು. ಇಷ್ಟು ದುಡ್ಡಿಗೆ ಸೀರೆ ಕೊಳ್ಳುವುದಾದರೆ ನಾಲ್ಕು ಅಂಗಡಿ ಹತ್ತಿ ಇಳಿಯುವ ಜನ, ಇನ್‌ವರ್ಟರನ್ನು ಮಾತ್ರ ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತಾರೆ. ಅಲ್ಲಿ ನಡೆಯುವ ಮಾತುಕತೆಯಾದರೂ ಎಂಥದು?

"ಮನೆ ಎಷ್ಟು ದೊಡ್ಡದು ಸಾರ್?"

"ಎರಡು ರೂಮು, ಒಂದು ಹಾಲು."

"ಹಂಗಾದ್ರೆ ಇದು ತಗಳ್ರಿ. ಮನೆ ಪೂರ್ತಿ ನಡೀತೈತಿ."

ಮುಗಿಯಿತು ವ್ಯಾಪಾರ! ರೂಮು ಎಷ್ಟಿದ್ದರೇನು ಸ್ವಾಮಿ? ಬ್ಯಾಟರಿ ಖಾಲಿ ಮಾಡುವುದು ಗೋಡೆಗಳಲ್ಲ, ಗೋಡೆಯ ಸ್ವಿಚ್ಚುಗಳು. ಏನು ನಡೀತೈತಿ, ಎಷ್ಟು ಹೊತ್ತು ನಡೀತೈತಿ ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಮೂರು ತಿಂಗಳ ಮೇಲೆ ಟಿ.ವಿ. ನೋಡುತ್ತಿದ್ದಾಗ "ಪೀಂ" ಎಂದು ಕೂಗಿ ಪೆಟ್ಟಿಗೆ ಮಲಗಿದಾಗ ಜಗಳ ಶುರು.

ಮೊದಲು ಒಂದು ಹಾಳೆ, ಒಂದು ಪೆನ್ನು

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಮಾಡಬೇಕಾದ ಕೆಲಸ ಎರಡು. ಒಂದು, ಹದಿನೈದು ದಿನ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಡುವುದು. ದಿನಕ್ಕೆ ಅರ್ಧ ಗಂಟೆ ಹೋಗುವ ಓಣಿಯವರಿಗೂ, ಮೂರು ಗಂಟೆ ಹೋಗುವ ಹಳ್ಳಿಯವರಿಗೂ ಒಂದೇ ಅಳತೆಯ ಬ್ಯಾಟರಿ ಯಾಕೆ? ಎರಡು, ಕತ್ತಲಲ್ಲಿ ಯಾವುದು ನಡೆಯಲೇಬೇಕು ಎಂದು ಪಟ್ಟಿ ಮಾಡಿ ಒಂದೊಂದರ ಮುಂದೆ ವಾಟ್ ಬರೆಯುವುದು. ಪ್ರತಿ ಸಾಮಾನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೇ ಅದು ಇರುತ್ತದೆ.

ಲೆಕ್ಕ ಕಷ್ಟದ್ದಲ್ಲ. ಹಳೇ ಮಾದರಿ ಸೀಲಿಂಗ್ ಫ್ಯಾನ್ 75 ವಾಟ್, ಎರಡಕ್ಕೆ 150. ಎಲ್‌ಇಡಿ ಬಲ್ಬು 9 ವಾಟ್, ನಾಲ್ಕಕ್ಕೆ 36. ಸಣ್ಣ ಎಲ್‌ಇಡಿ ಟಿ.ವಿ. 50. ಇಂಟರ್‌ನೆಟ್‌ನ ರೌಟರ್ 10. ಎಲ್ಲ ಕೂಡಿದರೆ 246, ಅಂದರೆ ಸುಮಾರು 250 ವಾಟ್.

ಈಗ ಬ್ಯಾಟರಿ. 12 ವೋಲ್ಟಿನ, 150 ಎಎಚ್ ಬ್ಯಾಟರಿ ಎಂದರೆ 12 ಗುಣಿಸು 150, ಒಟ್ಟು 1800 ವಾಟ್-ಗಂಟೆ. ಹಾಗಾದರೆ 250ರಿಂದ ಭಾಗಿಸಿ ಏಳು ಗಂಟೆ ಎಂದು ಖುಷಿಪಡಬೇಡಿ. ಆ 150 ಎಂಬ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದಾಗ ಸಿಗುವ ಲೆಕ್ಕ. ಜೋರಾಗಿ ಎಳೆದರೆ ಅಷ್ಟು ಸಿಗದು. ಇನ್‌ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಕೈಗೆ ಹತ್ತುವುದು ಮೂರರಲ್ಲಿ ಎರಡು ಪಾಲು ಎಂದಿಟ್ಟುಕೊಳ್ಳಿ. ಹೊಸದರಲ್ಲಿ ನಾಲ್ಕೂವರೆ ಗಂಟೆ, ಬ್ಯಾಟರಿಗೆ ವಯಸ್ಸಾದಂತೆ ಮೂರೂ ದಾಟದು.

ಇಲ್ಲೇ ಒಂದು ಜಾಣತನವಿದೆ. "ಸಾಲದಿದ್ರೆ ಎರಡು ಬ್ಯಾಟರಿ ಹಾಕ್ಸಿ" ಎಂಬ ಸಲಹೆ ಸಿದ್ಧವಾಗಿರುತ್ತದೆ. ಅದಕ್ಕೆ ಇನ್ನೂ ಹತ್ತು ಸಾವಿರಕ್ಕೆ ಮೇಲ್ಪಟ್ಟು ಖರ್ಚು. ಆ ಬದಲು ಎರಡು ಹಳೇ ಫ್ಯಾನ್ ತೆಗೆದು, 30 ವಾಟ್ ಸುಮಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ 250ರ ಲೋಡು 160ಕ್ಕೆ ಇಳಿಯುತ್ತದೆ. ಅದೇ ಒಂದು ಬ್ಯಾಟರಿ ಏಳು ಗಂಟೆ ಎಳೆಯುತ್ತದೆ. ಖರ್ಚು ಎರಡನೇ ಬ್ಯಾಟರಿಯ ಅರ್ಧದ ಸುತ್ತಮುತ್ತ. ಕರೆಂಟ್ ಇದ್ದಾಗಲೂ ಮೀಟರ್ ನಿಧಾನ ಓಡುತ್ತದೆ. ಹಾಸಿಗೆ ಉದ್ದ ಮಾಡುವ ಮುನ್ನ ಕಾಲು ಮಡಚಿ ನೋಡಬೇಕು.

ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ

ಇನ್ನು ವಿಎ ಎಂಬ ಮಾಯೆ. ವಿಎ ಬೇರೆ, ವಾಟ್ ಬೇರೆ. ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ಸಿನ ಚೀಟಿ ಓದಿದರೆ ಸಾಮಾನ್ಯವಾಗಿ 360 ವಾಟ್ ಎಂದೇ ಇರುತ್ತದೆ. ಇನ್‌ವರ್ಟರಿನಲ್ಲಿ ಇನ್ನೊಂದು ಆಟ. ಹೆಸರಿನಲ್ಲಿ 1100 ಎಂದು ದಪ್ಪಕ್ಷರ, ಸಣ್ಣಕ್ಷರದಲ್ಲಿ 900 ವಿಎ, ಅದರ ಪಕ್ಕದ ವಾಟ್ ಇನ್ನೂ ಕಡಿಮೆ. ದೊಡ್ಡ ಅಕ್ಷರ ಬಿಟ್ಟು ವಾಟ್ ಎಷ್ಟು ಎಂದಷ್ಟೇ ಕೇಳಿ. ಇನ್ನೊಂದು ಮಾತು. ವಾಟ್ ಹೇಳುವುದು ಒಮ್ಮೆಗೆ ಎಷ್ಟು ಭಾರ ಹೊರಬಲ್ಲದು ಎಂಬುದನ್ನು. ಎಷ್ಟು ದೂರ ಹೊತ್ತು ನಡೆಯುತ್ತದೆ ಎಂಬುದನ್ನು ಹೇಳುವುದು ಬ್ಯಾಟರಿ.

ಮಂಡಿಪೇಟೆ, ಅಶೋಕ ರಸ್ತೆ ಕಡೆಯ ಅಂಗಡಿಕಾರರಿಗೂ ಇದರಲ್ಲಿ ಪಾಠವಿದೆ. ಬಿಲ್ಲು ಹಾಕುವ ಕಂಪ್ಯೂಟರಿಗೆ ಇಟ್ಟ ಸಣ್ಣ ಯುಪಿಎಸ್ಸಿನೊಳಗೆ ಇರುವುದು 7 ಎಎಚ್‌ನ ಪುಟ್ಟ ಬ್ಯಾಟರಿ. ಹತ್ತು-ಹದಿನೈದು ನಿಮಿಷ ಅದರ ಯೋಗ್ಯತೆ. ಅದು ಇರುವುದು ಲೆಕ್ಕ ಸೇವ್ ಮಾಡಿ ಕಂಪ್ಯೂಟರನ್ನು ನೆಟ್ಟಗೆ ಆರಿಸಲಿಕ್ಕೆ, ಸಂಜೆವರೆಗೆ ವ್ಯಾಪಾರ ಮಾಡಲಿಕ್ಕಲ್ಲ. ಅದಕ್ಕೆ ಲೇಸರ್ ಪ್ರಿಂಟರ್, ಝೆರಾಕ್ಸ್ ಮಷಿನ್ ಸಿಕ್ಕಿಸುವವರೂ ಇದ್ದಾರೆ. ಆ ಮಷಿನ್‌ಗಳು ಒಳಗೆ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಅಲ್ಲೇ ಕೈಚೆಲ್ಲುತ್ತದೆ. ಮನೆಯಲ್ಲೂ ಅಷ್ಟೆ. ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇನ್‌ವರ್ಟರ್ ಲೈನಿಗೆ ಬರಕೂಡದು. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಅದಕ್ಕೆಂದು ದೊಡ್ಡ ಪೆಟ್ಟಿಗೆ ಕೊಳ್ಳುವ ಅಗತ್ಯ ಬಹಳ ಮನೆಗಳಿಗಿಲ್ಲ.

ಬರೀ ರೌಟರ್ ಆರದಿದ್ದರೆ ಸಾಕು, ಮಗಳ ಪಾಠ ನಿಲ್ಲಬಾರದು ಅನ್ನುವವರಿಗೆ ಅಂಗೈಯಗಲದ ಮಿನಿ ಯುಪಿಎಸ್ ಸಾಕು. ಒಂದೆರಡು ಸಾವಿರದಲ್ಲಿ ಮುಗಿಯುವ ಕೆಲಸ. ರೌಟರ್ ಚಾರ್ಜರಿನ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿ, ಅದಕ್ಕೆ ಸರಿಹೊಂದುವುದನ್ನೇ ತರಬೇಕು. ಓಣಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ದರೆ ಮನೆಯ ರೌಟರ್ ಮಿನುಗಿದರೂ ನೆಟ್ ಬಾರದು. ಅದನ್ನೂ ಮೊದಲೇ ವಿಚಾರಿಸುವುದು ಒಳ್ಳೆಯದು.

ಬಸ್ಸಿನಲ್ಲಿ ಬರುವವರು ಕೇಳಬೇಕಾದ್ದು

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬಂದು ಇಲ್ಲಿ ಖರೀದಿ ಮಾಡುವವರು ಬಹಳ. ಅವರು ಎರಡು ಮಾತು ಗಮನಿಸಬೇಕು. ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋ ತೂಗುತ್ತದೆ, ಒಳಗೆ ಆಸಿಡ್. ಕೆಟ್ಟರೆ ಬಸ್ಸಿನಲ್ಲಿ ಹೇರಿಕೊಂಡು ಬರಲಾದೀತೇ? ಊರಿಗೆ ಬಂದು ರಿಪೇರಿ ಮಾಡುತ್ತೀರಾ, ಅದಕ್ಕೆ ಎಷ್ಟು ತಗೋತೀರಾ ಎಂದು ದುಡ್ಡು ಎಣಿಸುವ ಮುನ್ನವೇ ಕೇಳಿ.

ಎರಡನೆಯದು ಲೋ ವೋಲ್ಟೇಜ್. ಬಹಳಷ್ಟು ಇನ್‌ವರ್ಟರ್‌ಗಳಲ್ಲಿ ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ಸಾದಾ ಮೋಡ್. ಯುಪಿಎಸ್ ಮೋಡಿನಲ್ಲಿ ಕರೆಂಟ್ ಹೋದದ್ದು ಕಂಪ್ಯೂಟರಿಗೆ ಗೊತ್ತೇ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಆದರೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೂ ಕರೆಂಟ್ ಹೋಯಿತೆಂದೇ ತಿಳಿದು ಬ್ಯಾಟರಿಗೆ ಹಾರುತ್ತದೆ. ಸಂಜೆಯಾದರೆ ವೋಲ್ಟೇಜ್ ಬೀಳುವ ಊರಿನಲ್ಲಿ ಹೀಗೆ ಹಾರಿ ಹಾರಿ, ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಬರಿದು. "ಬ್ಯಾಟರಿ ನಿಲ್ಲಲ್ಲ" ಎಂದು ದೂರುವವರು ಮೊದಲು ಈ ಸ್ವಿಚ್ ನೋಡಲಿ. ಕಂಪ್ಯೂಟರ್ ಇಲ್ಲದ ಮನೆಗೆ ಸಾದಾ ಮೋಡೇ ಸಾಕು.

ಇನ್ನು ಸೈನ್ ವೇವ್, ಸ್ಕ್ವೇರ್ ವೇವ್ ಎಂಬ ಮಾತು. ಅಗ್ಗದ ಸ್ಕ್ವೇರ್ ವೇವ್ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತದೆ, ಆದರೆ ಫ್ಯಾನ್ ಗುಂಯ್‌ಗುಡುತ್ತದೆ. ಟಿ.ವಿ., ಕಂಪ್ಯೂಟರ್, ಫ್ಯಾನ್ ನಡೆಸುವವರು ಶುದ್ಧ ಸೈನ್ ವೇವ್‌ಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ವಾಸಿ. ನೀರು ಹಾಕಬೇಕಿಲ್ಲದ ಲಿಥಿಯಂ ಬ್ಯಾಟರಿ ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಅದನ್ನು ಚಾರ್ಜ್ ಮಾಡಲು ಒಗ್ಗುವ ಇನ್‌ವರ್ಟರೇ ಬೇಕು.

ಗ್ಯಾರಂಟಿ ಕಾರ್ಡಿನ ಒಳಗುಟ್ಟು

ಬ್ಯಾಟರಿ ಮೇಲೆ "60 ತಿಂಗಳು" ಎಂದು ಬರೆದಿರುತ್ತದೆ. ಒಳಗೆ ಓದಿದರೆ 36 ಕೂಡಿಸು 24 ಎಂದಿರಬಹುದು. ಅರ್ಥ ಇಷ್ಟೇ: ಮೊದಲ 36 ತಿಂಗಳಲ್ಲಿ ಕೆಟ್ಟರೆ ಬದಲಿಸಿ ಕೊಡುತ್ತಾರೆ. ಆಮೇಲಿನ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಸೋಡಿ, ಅಷ್ಟೆ. ಕಾರ್ಡಿಗೆ ಅಂಗಡಿ ಸೀಲು, ತಾರೀಖು ಬೀಳದಿದ್ದರೆ ಅದೂ ಇಲ್ಲ. ಬ್ಯಾಟರಿ ತಯಾರಾದ ತಿಂಗಳನ್ನೂ ನೋಡಬೇಕು. ಚಾರ್ಜಿಲ್ಲದೆ ಗೋದಾಮಿನಲ್ಲಿ ಬಹಳ ದಿನ ಕುಳಿತ ಆಸಿಡ್ ಬ್ಯಾಟರಿ ಮನೆಗೆ ಬರುವ ಮುನ್ನವೇ ಮುದಿಯಾಗಿರುತ್ತದೆ.

ಮನೆಗೆ ತಂದ ಮೇಲೂ ಜವಾಬ್ದಾರಿ ಇದೆ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ತಗುಲಿದರೆ ಸಿಡಿಯುವ ಜಲಜನಕ ಅನಿಲ ಬರುತ್ತದೆ. ಮುಚ್ಚಿದ ಕಪಾಟಿನಲ್ಲಿ, ಮಲಗುವ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ ಅದನ್ನು ಇಡಕೂಡದು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರೂ ಅಲ್ಲ, ಕ್ಯಾನಿನ ಕುಡಿಯುವ ನೀರೂ ಅಲ್ಲ, ಆಸಿಡ್ಡಂತೂ ಅಲ್ಲವೇ ಅಲ್ಲ.

ಹಳೇ ಬ್ಯಾಟರಿಯೊಳಗೆ ಸೀಸವಿದೆ, ಅದಕ್ಕೆ ಬೆಲೆಯಿದೆ. ಓಣಿಯಲ್ಲಿ ಒಡೆದು ಸುಟ್ಟರೆ ಅದೇ ಸೀಸ ಮಕ್ಕಳ ಮೈಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಹಾಗಾಗಿ ಗುಜರಿಗೆ ಹಾಕದೆ ಅಂಗಡಿಗೇ ಕೊಟ್ಟು, ಅದಕ್ಕೆ ಎಷ್ಟು ಕಳೆದರು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬಾಯಿಮಾತು ಬೇಡ, ಬಿಲ್ಲಿನಲ್ಲಿ ಬರಲಿ

ಇಷ್ಟೆಲ್ಲ ಹೇಳಿದ್ದು ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯಲಿಕ್ಕಲ್ಲ. ಅವರಲ್ಲಿ ಪ್ರಾಮಾಣಿಕರು ಬೇಕಾದಷ್ಟಿದ್ದಾರೆ. ಜಗಳ ಹುಟ್ಟುವುದು ಮೋಸದಿಂದಲೇ ಅಲ್ಲ, ಲೆಕ್ಕ ಯಾರೂ ಬರೆಯದೆ ಇರುವುದರಿಂದ. ಅದಕ್ಕೆ ಮದ್ದು ಬಹಳ ಸುಲಭ. ಬಿಲ್ಲಿನ ಕೆಳಗೆ ಮೂರು ಸಾಲು ಬರೆದುಕೊಟ್ಟರೆ ಸಾಕು: ಗ್ರಾಹಕರು ಹೇಳಿದ ಲೋಡು ಇಷ್ಟು ವಾಟ್, ಕೊಟ್ಟ ಬ್ಯಾಟರಿ ಇಷ್ಟು ಎಎಚ್, ಹೊಸದರಲ್ಲಿ ಸುಮಾರು ಇಷ್ಟು ಗಂಟೆ. ಬರೆಯಲು ಅರ್ಧ ನಿಮಿಷ ಬೇಡ. ಆಮೇಲೆ ನಾಳೆ ಗ್ರಾಹಕರು ಇಸ್ತ್ರಿಪೆಟ್ಟಿಗೆ ಹಾಕಿ ಕೆಡಿಸಿಕೊಂಡರೆ ಅಂಗಡಿಯವರಿಗೆ ರಕ್ಷಣೆ. ಹೇಳಿದ ಅರ್ಧವೂ ನಡೆಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಗ್ರಾಹಕರ ಕೈಯಲ್ಲಿ ಒಂದು ಕಾಗದ. "ನಡೀತೈತಿ" ಎಂಬ ಬಾಯಿಮಾತಿಗೆ ಅಲ್ಲಿ ಏನು ಬೆಲೆ?

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಬ್ಯಾಟರಿ ಬಂತೆಂದು ಕರೆಂಟ್ ಕೇಳುವ ಹಕ್ಕು ಹೋಗುವುದಿಲ್ಲ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ದಿನದ 24 ಗಂಟೆ ವಿದ್ಯುತ್ ಕೊಡುವುದು ಸರಬರಾಜು ಕಂಪನಿಯ ಕರ್ತವ್ಯ ಎನ್ನುತ್ತವೆ. ಕೃಷಿಯಂಥ ಕೆಲವು ವರ್ಗಕ್ಕೆ ಮಾತ್ರ ಆಯೋಗ ಕಡಿಮೆ ಗಂಟೆ ನಿಗದಿ ಮಾಡಬಹುದು. ಇನ್‌ವರ್ಟರ್ ಇರುವವರೆಲ್ಲ ಸುಮ್ಮನೆ ಕೂತರೆ, ಕತ್ತಲಲ್ಲಿ ಕೂರುವುದು ಇಪ್ಪತ್ತು ಸಾವಿರ ಇಲ್ಲದವರು. ಕೂಗಿದರೂ ಅವರೊಬ್ಬರ ದನಿ ಎಲ್ಲಿಗೆ ಮುಟ್ಟೀತು? ಹದಿನೈದು ದಿನ ಬರೆದಿಟ್ಟ ಆ ಹಾಳೆ ಇದೆಯಲ್ಲ, ಅದನ್ನು ಹಿಡಿದು 1912ಕ್ಕೆ ಫೋನ್ ಮಾಡಿ, ದೂರಿನ ನಂಬರನ್ನೂ ಅದರಲ್ಲೇ ಗುರುತು ಹಾಕಿಕೊಳ್ಳಿ. ಬ್ಯಾಟರಿ ಆರಿಸಲೂ ಅದೇ ಹಾಳೆ, ಬೆಸ್ಕಾಂನವರನ್ನು ಕೇಳಲೂ ಅದೇ ಹಾಳೆ.

ಬಿಲ್ಲಿಗೆ ಮೂರು ಸಾಲು ಸೇರಿಸುವ ವಿಷಯದಲ್ಲಿ ನಗರದ ವರ್ತಕರು ತಾವಾಗಿಯೇ ಮುಂದೆ ಬರುವರೇ?