ಗುರುತಿಲ್ಲದವರು ಆರಿಸಿಕೊಟ್ಟ ಹಾಡುಗಳು

ಹೋದ ತಿಂಗಳಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ, ಆ ವಾರ ಮನೆಯಲ್ಲಿ ಕೇಳಿದ ಐದು ಹಾಡುಗಳ ಹೆಸರನ್ನು ಬರೆದುಕೊಡಿರೆಂದು ಹೇಳಿದೆವು. ಹಾಳೆಗಳನ್ನು ನೋಡಲಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆಂದು ಗದರಿಸಹೊರಟ ನಮಗೆ, ಯಾರೂ ನೋಡಿ ಬರೆದಿಲ್ಲವೆಂದು ತಿಳಿದಾಗ ಇನ್ನಷ್ಟು ವ್ಯಸನವಾಯಿತು. ಲಕ್ಷಾಂತರ ಹಾಡುಗಳು ಅಂಗೈಯಲ್ಲಿರುವ ಕಾಲದಲ್ಲಿ ಹೀಗಾಗುವದೇಕೆ? ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ, ವಿಶೇಷವಾಗಿ ತಾಯಿತಂದೆಗಳ ಮುಂದೆ, ಇಡಬೇಕೆಂದಿದ್ದೇವೆ. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

2006ರ ಬೇಸಿಗೆಯಲ್ಲಿ ನಾವು ಉಪಾಧ್ಯಾಯಿನಿಯರ ಒಂದು ತರಬೇತಿ ಶಿಬಿರಕ್ಕೆ ಹೋಗಿದ್ದೆವು. ಕಡೆಯ ದಿನ ಅಲ್ಲಿಯ ಮೇಲ್ವಿಚಾರಕಿಯವರು, ಬೇರೊಂದು ಊರಿನಲ್ಲಿ ನಡೆಯುತ್ತಿದ್ದ ಇಂಥದೇ ಶಿಬಿರದವರ ವಿಳಾಸಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಹಾಕಿ ತಂದರು. ಯಾರ ಚೀಟಿ ಕೈಗೆ ಬಂದೀತೋ ಅವರಿಗೆ ನಮಗೆ ಪ್ರಿಯವಾದ ಹಾಡುಗಳನ್ನು ಒಂದು ಸಿ.ಡಿ.ಯಲ್ಲಿ ತುಂಬಿಸಿ ಅಂಚೆಯಲ್ಲಿ ಕಳುಹಿಸತಕ್ಕದ್ದು. ಅವರೂ ಹಾಗೆಯೇ ಮಾಡತಕ್ಕದ್ದು. ಈಗಿನ ಮಕ್ಕಳು ಸಿ.ಡಿ.ಯನ್ನು ಗೋಡೆಯ ಅಲಂಕಾರಕ್ಕಲ್ಲದೆ ಬೇರೆ ಉಪಯೋಗಕ್ಕೆ ಕಂಡಿರಲಾರರು. ಅದರಲ್ಲಿ 80 ನಿಮಿಷಗಳ ಹಾಡು ಹಿಡಿಯುತ್ತಿತ್ತು, ಅಷ್ಟೇ. ನಾವು ಕೊಳ್ಳುತ್ತಿದ್ದ ಅಗ್ಗದ ಬಗೆಯಲ್ಲಿ ಒಮ್ಮೆ ತುಂಬಿಸಿದ್ದನ್ನು ಅಳಿಸಲೂ ಆಗುತ್ತಿರಲಿಲ್ಲ. ಆದಕಾರಣ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು, ಯಾವುದು ಮೊದಲು, ಯಾವುದು ಕಡೆಗೆ ಎಂದು ಕೂತು ಯೋಚಿಸಲೇಬೇಕಾಗಿತ್ತು.

ನಾವಾದರೋ ಯೋಚಿಸಿದ್ದು ನಮ್ಮ ಮಾನದ ಕುರಿತಾಗಿ. ಕಾಣದ ಆ ಸಹೋದರಿ ನಮ್ಮನ್ನು ಸುಶಿಕ್ಷಿತರೆಂದು ಎಣಿಸಲಿ ಎಂದು ಗಾಯಕವೃಂದದ ಕೀರ್ತನೆಗಳು, ಹ್ಯಾಂಡೆಲನ ‘ಮೆಸ್ಸಾಯ’ದ ಒಂದು ಭಾಗ, ಎರಡು ಭಾವಗೀತೆ, ಇವನ್ನು ಹಾಕಿ ಕಳುಹಿಸಿದೆವು. ದಿನಾಲು ಅಡಿಗೆಮನೆಯಲ್ಲಿ ನಾವು ಗುನುಗುತ್ತಿದ್ದ ಪಿ. ಬಿ. ಶ್ರೀನಿವಾಸರ ಸಿನೆಮಾ ಹಾಡುಗಳಲ್ಲಿ ಒಂದನ್ನೂ ಸೇರಿಸಲಿಲ್ಲ.

ಅವರಿಂದ ಬಂದ ಸಿ.ಡಿ.ಯ ಮೊದಲನೆಯ ಹಾಡು ಮಹೇಲಿಯ ಜಾಕ್ಸನ್ ಎಂಬ ಅಮೇರಿಕದ ನೀಗ್ರೋ ಸಂತತಿಯ ಗಾಯಕಿಯದು. ಹಾಡಿದ್ದು ಭಕ್ತಿಗೀತೆಯೇ, ಆದರೆ ನೆಟ್ಟಗೆ ನಿಂತು, ಪುಸ್ತಕ ಹಿಡಿದು, ನಾಲ್ಕು ಸ್ವರಗಳಲ್ಲಿ ಹಾಡಲು ಕಲಿತ ನಮಗೆ, ಒಂದೇ ಮಾತನ್ನು ಉಸಿರು ಮುಗಿಯುವ ವರೆಗೂ ಎಳೆದು, ನರಳಿ, ಮೇಲಕ್ಕೆ ಎಸೆಯುವ ಆ ಪರಿ ಮರ್ಯಾದೆಗೆ ತಕ್ಕದ್ದೆಂದು ತೋರಲಿಲ್ಲ. ಅದರ ತರುವಾಯ ಹಿಂದೂಸ್ಥಾನಿ ಗವಾಯಿಯೊಬ್ಬರು ತುಂಡು ತುಂಡಾಗಿ ಹಾಡಿದ ಕಬೀರನ ಪದ. ಅಲ್ಲಿಗೆ ಯಂತ್ರವನ್ನು ನಿಲ್ಲಿಸಿ ಸಿ.ಡಿ.ಯನ್ನು ಕಪಾಟಿನಲ್ಲಿಟ್ಟೆವು. ತಲಪಿತೆಂದು ಎರಡು ಸಾಲು ಸಹ ಬರೆಯಲಿಲ್ಲ.

ಎರಡು ವರುಷಗಳ ನಂತರ ವರ್ಗವಾಗಿ ಸಾಮಾನು ಕಟ್ಟುವಾಗ ಅದು ಮತ್ತೆ ಕೈಗೆ ಬಂತು. ಕೈಗೆ ಕೆಲಸವಿದ್ದದರಿಂದ ನಿಲ್ಲಿಸುವವರು ಯಾರೂ ಇರಲಿಲ್ಲ; ಮೊದಲಿನಿಂದ ಕಡೆಯ ವರೆಗೆ ಕೇಳಿದೆವು, ಇನ್ನೊಮ್ಮೆಯೂ ಕೇಳಿದೆವು. ಆಮೇಲೆ ಓದಿ ತಿಳಿದೆವು. ಮಹೇಲಿಯ ಜಾಕ್ಸನ್ 1911ರಲ್ಲಿ ಹುಟ್ಟಿದವರು. ಅವರ ಅಜ್ಜಅಜ್ಜಿಯರ ತಲೆಯವರು ಗುಲಾಮತನದಲ್ಲಿ ಹುಟ್ಟಿದ ಜನ. 1963ರಲ್ಲಿ ವಾಷಿಂಗ್ಟನ್ನಿನ ಮಹಾಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಮಾತಾಡುವದಕ್ಕೆ ಮುಂಚೆ ಹಾಡಿದವರು. ಆ ನರಳಿಕೆ ಎಲ್ಲಿಂದ ಬಂತೆಂದು ನಾವು ಕೇಳಿಕೊಂಡಿರಲಿಲ್ಲ. ಇನ್ನು ಆ ಗವಾಯಿಗಳು ಕುಮಾರ ಗಂಧರ್ವರು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಕನ್ನಡ ಮನೆಯಲ್ಲಿ ಹುಟ್ಟಿದವರು. ಕ್ಷಯರೋಗ ತಗಲಿ 1948ರಲ್ಲಿ ಹವೆಗಾಗಿ ಮಾಳವದ ದೇವಾಸಕ್ಕೆ ಹೋಗಿ, ಹಾಡಕೂಡದೆಂಬ ವೈದ್ಯರ ಅಪ್ಪಣೆಯ ಮೇರೆಗೆ ವರುಷಗಟ್ಟಳೆ ಮಲಗಿ, ಆ ಸೀಮೆಯ ಜನಪದರ ಹಾಡುಗಳನ್ನು ಕೇಳುತ್ತಾ ಕಳೆದರು. ಒಂದು ಶ್ವಾಸಕೋಶ ಕೆಟ್ಟ ಮೇಲೆ ತಿರಿಗಿ ಹಾಡಿದರು. ನಾವು ‘ತುಂಡು ತುಂಡು’ ಎಂದು ಜರೆದದ್ದು ಅದನ್ನೇ. ಸುಳೇಭಾವಿಯು ನಮ್ಮ ತಾಯಿಯ ತವರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ಸಮೀಪದ ಧ್ವನಿಯನ್ನು ನಮಗೆ ತಲಪಿಸಲಿಕ್ಕೆ ಗುರುತಿಲ್ಲದ ಒಬ್ಬ ಹೆಂಗಸು ಬೇಕಾಯಿತು. ಕೂಡಲೇ ಕಾಗದ ಬರೆಯಲು ಕೂತೆವು. ವಿಳಾಸದ ಚೀಟಿ ಎಲ್ಲಿಯೂ ಸಿಗಲಿಲ್ಲ.

ಈಗ ನಮ್ಮ ಹುಡುಗಿಯರ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ಹಾಡು ಒದಗಿಸುವ ಯಂತ್ರವು, ನಾವು ನಿನ್ನೆ ಕೇಳಿದ್ದನ್ನೂ ನಮ್ಮಂಥವರು ಕೇಳಿದ್ದನ್ನೂ ಲೆಕ್ಕ ಹಾಕಿ ಇಂದಿನದನ್ನು ಮುಂದಿಡುತ್ತದೆ. ಹುಡುಕಿದರೆ ಅದರಲ್ಲಿ ಸಿಗದದ್ದು ಸ್ವಲ್ಪವೆಂದು ಒಪ್ಪುತ್ತೇವೆ. ಆದರೆ ಹುಡುಕಬೇಕಾದರೆ ಹೆಸರು ತಿಳಿದಿರಬೇಕಷ್ಟೆ? ಕುಮಾರ ಗಂಧರ್ವರ ಹೆಸರನ್ನೇ ಅರಿಯದ ನಾವು ಏನೆಂದು ಹುಡುಕುತ್ತಿದ್ದೆವು? ಗೆಳತಿಯು ಕೊಡುವ ಹಾಡೂ ನಮಗೆ ಹಿಡಿಸುವಂಥದೇ ಆಗಿರುವದು. ಗುರುತಿಲ್ಲದವರಿಗೆ ಮಾತ್ರ ನಮಗೆ ಯಾವುದು ಸೇರದೆಂದು ಗೊತ್ತಿಲ್ಲ. ಅದೇ ನಮ್ಮ ಲಾಭ. ಆರಿಸುವವರಿಗೂ ಲಾಭವಿಲ್ಲದಿಲ್ಲ. 1977ರಲ್ಲಿ ಕಾರ್ಲ್ ಸೇಗನ್ ಮೊದಲಾದವರು ವಾಯೇಜರ್ ನೌಕೆಗಳಲ್ಲಿ ಕಳುಹಿಸಲಿಕ್ಕೆ ಚಿನ್ನದ ಲೇಪದ ಗಾನತಟ್ಟೆಯನ್ನು ಸಿದ್ಧಮಾಡಿದಾಗ, ಕೇಳುವವರು ಯಾರೆಂದೂ, ಇದ್ದಾರೋ ಇಲ್ಲವೋ ಎಂದೂ ತಿಳಿಯದೆ, ಸುಮಾರು 90 ನಿಮಿಷಗಳಲ್ಲಿ 27 ಸಂಗೀತಗಳನ್ನು ಆರಿಸಬೇಕಾಯಿತು. ನಮ್ಮ ದೇಶದಿಂದ ಹೋದದ್ದು ಕೇಸರಬಾಯಿ ಕೇರಕರ ಅವರ ಭೈರವಿ. 55 ಭಾಷೆಗಳ ವಂದನೆಗಳಲ್ಲಿ ನಮ್ಮ ಕನ್ನಡವೂ ಉಂಟು.

ಆದಕಾರಣ ಬರುವ ವರುಷದಿಂದ ಬೇರೆ ಜಿಲ್ಲೆಯ ಒಂದು ಹೆಣ್ಣುಮಕ್ಕಳ ಶಾಲೆಯೊಡನೆ ಇಂಥ ವಿನಿಮಯ ನಡಿಸಬೇಕೆಂದು ನಮ್ಮ ಇಷ್ಟ. ಹಾಡುಗಳನ್ನು ನಕಲು ಮಾಡಿ ಹಂಚುವದು ಹಾಡಿದವರ ಹಕ್ಕಿಗೆ ಕುಂದೆಂದು ಈಗ ಅರಿತಿರುವದರಿಂದ, ಪಟ್ಟಿಯನ್ನು ಮಾತ್ರ ಕೈಬರಹದಲ್ಲಿ ಕಳುಹಿಸುವದು. ಹನ್ನೆರಡು ಹಾಡು, ಹೆಚ್ಚಿಲ್ಲ. ಅವುಗಳಲ್ಲಿ ಒಂದಾದರೂ ಮನೆಯಲ್ಲಿ ಅಜ್ಜಿ ಹಾಡುವಂಥದು, ಬೀಸುವ ಹಾಡಾದರೂ ಸರಿ, ಅದರ ಮಾತುಗಳನ್ನು ಬರೆದು. ಗುರುತಿಲ್ಲದವರ ಸಂಗಡ ಮಾತಾಡಬೇಡಿರೆಂದು ಕಲಿಸುವ ನಾವೇ ಹೀಗೆ ಹೇಳಬಹುದೋ ಎಂದು ಇಬ್ಬರು ತಾಯಂದಿರು ಸಭೆಯಲ್ಲಿ ಕೇಳಿದರು. ಕೇಳಿದ್ದು ನ್ಯಾಯವೇ. ಹೆಸರು, ವಿಳಾಸ, ಫೋನು ನಂಬರು ಯಾವುದೂ ಹೋಗದು, ಅಂಕೆಯೊಂದೇ ಇರುವದು, ಎರಡೂ ಕಡೆಯ ಉಪಾಧ್ಯಾಯಿನಿಯರು ನೋಡಿಯೇ ಕಳುಹಿಸುವರು. ಅಸಭ್ಯ ಹಾಡು ಬಂದೀತೆಂಬ ಭಯಕ್ಕೆ ನಮ್ಮ ಉತ್ತರವೇನಂದರೆ, ಅಂಥವು ಈಗಲೂ ಕೇಳದೆಯೇ ಬರುತ್ತಲಿವೆ. ಒಂದು ನಿಯಮವನ್ನು ಮಾತ್ರ ನಾವು ಬಿಡಲಾರೆವು: ಪಟ್ಟಿಯನ್ನು ಕಡೆಯ ವರೆಗೆ ಕೇಳಿ, ಹಿಡಿಸಲಿ ಬಿಡಲಿ, ಹದಿನೈದು ದಿನಗಳೊಳಗೆ ಪ್ರತಿಯೊಬ್ಬಳೂ ಉತ್ತರ ಬರೆಯತಕ್ಕದ್ದು.

ಆ ಸಿ.ಡಿ. ನಮ್ಮ ಮೇಜಿನ ಖಾನೆಯಲ್ಲಿದೆ. ಕಡೆಯ ಹಾಡು ಆಫ್ರಿಕದ ಮಾಲಿ ದೇಶದ ಅಲಿ ಫರ್ಕಾ ತೂರೆಯವರದು. ಗಿಟಾರಿನಲ್ಲಿ ನುಡಿಸಿದ್ದಾದರೂ ನಮಗೆ ಏಕತಾರಿಯನ್ನು ನೆನಪಿಗೆ ತರುವದು. ಸಿ.ಡಿ. ಮತ್ತೆ ಕಳೆಯದಿರಲೆಂದು ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದೆವು. ಹಾಡು ತುಂಬಿರುವ ಪದರವು ಆ ಮೇಲ್ಮೈಗೇ ಅಂಟಿಕೊಂಡಿರುವದೆಂದು ಆಗ ನಮಗೆ ತಿಳಿಯದು. ಈಗ ಆ ಹಾಡು ನಡುವಿನ ವರೆಗೆ ಬಂದು ತೊದಲುತ್ತದೆ.